ಪೆಂತೆಕೋಸ್ತಿನ ಗುಲಾಬಿ: ಪಿಯೋನಿ ಗಿಡ ಮನೆಯಂಗಳಕ್ಕೆ ಬಂದ ಬಗೆ



ಜರ್ಮನ್ನರು ಒಂದು ಹೂವನ್ನು ‘ಫಿಂಗ್ಸ್ಟ್‌ರೋಸೆ’ ಎಂದು ಕರೆಯುತ್ತಾರೆ. ‘ಫಿಂಗ್ಸ್ಟನ್’ ಎಂದರೆ ಪೆಂತೆಕೋಸ್ತ್, ನಮ್ಮ ಪಂಚಾಶತ್ತಮ ಹಬ್ಬ. ‘ರೋಸೆ’ ಎಂದರೆ ಗುಲಾಬಿ. ಪವಿತ್ರಾತ್ಮರು ಪ್ರೇಷಿತರ ಮೇಲೆ ಬೆಂಕಿಯ ನಾಲಗೆಗಳಾಗಿ ಇಳಿದುಬಂದ ದಿನದ ಆಸುಪಾಸಿನಲ್ಲಿ, ಕಡುಗೆಂಪಾಗಿ ಅರಳುವ ಹೂವೆಂದು ಆ ಹೆಸರು. ಹಬ್ಬದ ದಿನಾಂಕ ಪಾಸ್ಖದ ಜೊತೆ ವರ್ಷವರ್ಷವೂ ಹಿಂದೆಮುಂದೆ ಆಗುತ್ತದೆ. ಪಾಪ, ಗಿಡಕ್ಕೆ ಕ್ಯಾಲೆಂಡರು ತಿಳಿಯದು. ಅದು ಮೇ ತಿಂಗಳಲ್ಲೋ ಜೂನ್ ಮೊದಲಲ್ಲೋ ತನ್ನ ಹೊತ್ತಿಗೆ ತಾನು ಅರಳುತ್ತದೆ.

ಹೆಸರಿನಲ್ಲಿ ಗುಲಾಬಿ ಇದ್ದರೂ ಇದು ಗುಲಾಬಿಯಲ್ಲ, ಪಿಯೋನಿ. ಹೊಸೂರಿನ ಸುತ್ತ ಪಾಲಿಹೌಸ್‌ಗಳಲ್ಲಿ ಗುಲಾಬಿ ಬೆಳೆದು ಲಾರಿ ತುಂಬುವ ನಮಗೆ ಗುಲಾಬಿ ಎಂದರೆ ಚೆನ್ನಾಗಿ ಗೊತ್ತು. ಪಿಯೋನಿಯನ್ನು ಮಾತ್ರ ನಮ್ಮಲ್ಲಿ ಹೆಚ್ಚಿನವರು ನೋಡಿರುವುದು ಬಟ್ಟೆಯಲ್ಲೋ ಪ್ಲಾಸ್ಟಿಕ್ಕಿನಲ್ಲೋ. ಮದುವೆಯ ವೇದಿಕೆಗೆ ಬಾಡಿಗೆಗೆ ತರುವ ಹೂಗಳಲ್ಲಿ ಎಲೆಕೋಸಿನ ಹಾಗೆ ದಳದ ಮೇಲೆ ದಳ ಸುತ್ತಿಕೊಂಡ, ಅಂಗೈಗಿಂತ ಅಗಲವಾದ ತಿಳಿಗುಲಾಬಿ ಬಣ್ಣದ ಒಂದು ಹೂ ಇರುತ್ತದಲ್ಲ, ಅದು ಇದರದೇ ನಕಲು. ಅಸಲಿ ಗಿಡ ಯುರೋಪು, ಅಮೆರಿಕ, ಚೀನಾ, ಜಪಾನುಗಳ ಮನೆಯಂಗಳದಲ್ಲಿ ಅಜ್ಜಿಯ ಕಾಲದಿಂದ ಮೊಮ್ಮಗಳ ಕಾಲದವರೆಗೆ ಅದೇ ಜಾಗದಲ್ಲಿ ನಿಂತಿರುತ್ತದೆ. ಅದು ಅಲ್ಲಿಗೆ ಬಂದ ಕಥೆಯಲ್ಲಿ ಮಠವಾಸಿಗಳಿದ್ದಾರೆ, ಒಬ್ಬ ಮಿಷನರಿ ಗುರುಗಳಿದ್ದಾರೆ, ಸಮಾಧಿಗಳಿವೆ. ಆದ್ದರಿಂದಲೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಗಿಡದ ಸ್ವಭಾವ. ಪಿಯೋನಿಯಲ್ಲಿ ಎರಡು ಬಗೆ. ಒಂದರ ಕಾಂಡ ಕಟ್ಟಿಗೆಯಾಗಿ ವರ್ಷವಿಡೀ ನಿಲ್ಲುತ್ತದೆ, ಅದು ಮರಪಿಯೋನಿ. ಇನ್ನೊಂದರ ಕಾಂಡ ಮೆತ್ತಗೆ. ಹೂ ಮುಗಿದು ಚಳಿಗಾಲ ಬಂತೆಂದರೆ ಎಲೆ, ಕಾಂಡ ಎಲ್ಲ ಒಣಗಿ ನೆಲಕ್ಕೆ ಬೀಳುತ್ತದೆ. ಮೇಲೆ ನೋಡಿದವರು ಸತ್ತೇಹೋಯಿತು ಎನ್ನಬೇಕು. ಮಣ್ಣಿನೊಳಗೆ ಗೆಣಸಿನಂಥ ದಪ್ಪ ಬೇರುಗಳು, ಅವುಗಳ ನೆತ್ತಿಯಲ್ಲಿ ಕೆಂಪು ಕಣ್ಣುಗಳು ಕಾದಿರುತ್ತವೆ. ಹಿಮ ಕರಗಿದ ಮೇಲೆ ಕಂದುಗೆಂಪು ಚಿಗುರು ಮೇಲೇಳುತ್ತದೆ. ಮೊಣಕಾಲಿನಿಂದ ಸೊಂಟದೆತ್ತರಕ್ಕೆ ಬೆಳೆದು, ಒಂದೆರಡು ವಾರ ಹೂ ಬಿಟ್ಟು ಮುಗಿಸುತ್ತದೆ. ಈ ಮೆತ್ತನೆಯ ಕಾಂಡದ ಬಗೆಯೇ ಮನೆಯಂಗಳದ ಪಿಯೋನಿ. ಒಮ್ಮೆ ಬೇರೂರಿದರೆ 50 ವರ್ಷ ಬದುಕುವುದು ದೊಡ್ಡ ಮಾತಲ್ಲ. ನೂರು ದಾಟಿದವೂ ಇವೆ.

ಇದರ ಹೆಸರು ಗ್ರೀಕರ ದೇವತೆಗಳ ವೈದ್ಯ ‘ಪಯಿಯೋನ್’ ಎಂಬಾತನಿಂದ ಬಂದದ್ದು. ಹೋಮರನ ಇಲಿಯಡ್‌ನಲ್ಲಿ ಗಾಯಗೊಂಡ ದೇವತೆಗಳಿಗೆ ಮದ್ದು ಹಚ್ಚುವವನು ಅವನೇ. ಅಂದರೆ ಪಿಯೋನಿಯನ್ನು ಜನ ಮೊದಲು ನೆಟ್ಟದ್ದು ಹೂವಿಗಾಗಿ ಅಲ್ಲ, ಬೇರಿಗಾಗಿ. ರೋಮಿನ ಪ್ಲೀನಿ ಮನುಷ್ಯ ಕಂಡುಕೊಂಡ ಗಿಡಗಳಲ್ಲೇ ಇದು ಅತಿ ಹಳೆಯದು ಎಂದು ಬರೆದ. ಬೇರು ಅಗೆಯುವುದರ ಸುತ್ತ ಭಯವೂ ಹುಟ್ಟಿತ್ತು: ಹಗಲಿನಲ್ಲಿ ಹೋಗಬಾರದು, ಮರಕುಟಿಗ ನೋಡಿಬಿಟ್ಟರೆ ಕಣ್ಣು ಹೋಗುತ್ತದೆ, ರಾತ್ರಿಯೇ ಅಗೆಯಬೇಕು. ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಸಸ್ಯಗಳ ಬಗ್ಗೆ ದೊಡ್ಡ ಗ್ರಂಥ ಬರೆದ ಥಿಯೋಫ್ರಾಸ್ಟಸ್ ಈ ಮಾತನ್ನು ದಾಖಲಿಸಿ, ಇದು ಅತಿರೇಕ ಎಂದು ಬದಿಗೆ ಸರಿಸಿದ. ಮದ್ದು ಮಾರುವವರು ತಮ್ಮ ಸರಕಿಗೆ ಬೆಲೆ ಏರಲೆಂದು ಭಯ ಕಟ್ಟುವುದು ಇಂದಿನ ಸಂಗತಿಯಲ್ಲ.

ಪಿಯೋನಿಯ ಬೇರು ಮೂರ್ಛೆರೋಗಕ್ಕೆ ಮದ್ದು ಎಂಬ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿಯಿತು. ಎರಡನೆಯ ಶತಮಾನದ ಮಹಾವೈದ್ಯ ಗ್ಯಾಲೆನ್ ಒಬ್ಬ ಹುಡುಗನ ವಿಷಯ ಬರೆದಿದ್ದಾನೆ. ಹುಡುಗನ ಕೊರಳಿಗೆ ಈ ಬೇರು ಕಟ್ಟಿದ್ದರು. ಎಂಟು ತಿಂಗಳು ಮೂರ್ಛೆ ಬರಲಿಲ್ಲ. ಬೇರು ಕಳಚಿ ಬಿದ್ದ ಕೂಡಲೇ ಮತ್ತೆ ಬಂತು. ಹೊಸ ತುಂಡು ಕಟ್ಟಿದರು, ನಿಂತಿತು. ಗ್ಯಾಲೆನ್ ತಾನೇ ಅದನ್ನು ಬಿಚ್ಚಿ ನೋಡಿದ, ಮೂರ್ಛೆ ಮರಳಿತು. ಈ ಒಂದು ಕಥೆ ಸಾವಿರದೈನೂರು ವರ್ಷ ವೈದ್ಯಗ್ರಂಥಗಳಲ್ಲಿ ಓಡಾಡಿತು. ಅರಬ್ ವೈದ್ಯರ ಕೈಗೆ ಬಂದಾಗ ಬೇರಿಗೆ ಹೊಸ ಹೆಸರು ಬಂತು: ‘ಊದ್ ಸಲೀಬ್’. ಊದ್ ಎಂದರೆ ಕಟ್ಟಿಗೆ, ಸಲೀಬ್ ಎಂದರೆ ಶಿಲುಬೆ. ಬೇರನ್ನು ಅಡ್ಡಕ್ಕೆ ಕೊಯ್ದರೆ ಒಳಗೆ ಶಿಲುಬೆಯಂಥ ಗೆರೆ ಕಾಣುತ್ತದೆ ಎಂಬುದು ಹೆಸರಿನ ಕಾರಣ. ಆ ಹೆಸರು ಯುನಾನಿ ವೈದ್ಯದ ಜೊತೆ ದಖ್ಖನ್ನಿಗೂ ಬಂತು. ಹೈದರಾಬಾದಿನ ಯುನಾನಿ ಅಂಗಡಿಯಲ್ಲಿ ಊದ್ ಸಲೀಬ್ ಕೇಳಿದರೆ ಇಂದಿಗೂ ಅದೇ ಒಣಬೇರು ಕೊಡುತ್ತಾರೆ. ಗ್ರೀಕರ ದೇವವೈದ್ಯನ ಗಿಡಕ್ಕೆ ಮುಸ್ಲಿಂ ವೈದ್ಯರ ಪೆಟ್ಟಿಗೆಯಲ್ಲಿ ಕ್ರಿಸ್ತನ ಶಿಲುಬೆಯ ಹೆಸರು!

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆವು. ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಕೀಲಿ ಕೊಡುವುದು, ಕೊರಳಿಗೆ ಏನಾದರೂ ಕಟ್ಟುವುದು ನಮ್ಮ ಊರುಗಳಲ್ಲಿ ಇನ್ನೂ ನಿಂತಿಲ್ಲ. ಮೂರ್ಛೆ ಸಾಮಾನ್ಯವಾಗಿ ತಾನಾಗಿಯೇ ಬಂದು ತಾನಾಗಿಯೇ ನಿಲ್ಲುತ್ತದೆ. ಆ ಹೊತ್ತಿಗೆ ಕೈಯಲ್ಲಿದ್ದುದಕ್ಕೆ ಹೆಸರು ಬಂದುಬಿಡುತ್ತದೆ. ಒಬ್ಬ ಹುಡುಗನ ಮೇಲೆ ನೋಡಿದ್ದು ಪುರಾವೆಯಲ್ಲ, ನೋಡಿದವನು ಗ್ಯಾಲೆನ್ನನೇ ಆಗಿದ್ದರೂ. ಡಾಕ್ಟರು ಕೊಟ್ಟ ಮಾತ್ರೆಯನ್ನು ಯಾವ ಬೇರಿಗಾಗಿಯೂ ಯಾರೂ ಬಿಡಬಾರದು.

ಮಧ್ಯಯುಗದ ಯುರೋಪಿನಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಮಠಗಳೇ ಮುಂದೆ. ಮಠದ ಗೋಡೆಯೊಳಗೆ ಮದ್ದಿನ ಗಿಡಗಳ ಪಾತಿ ಇರುತ್ತಿತ್ತು. ಅಲ್ಲಿ ಪಿಯೋನಿಗೂ ಜಾಗ. ಜರ್ಮನಿಯ ಬೆನೆಡಿಕ್ಟೀನ್ ಮಠಾಧ್ಯಕ್ಷೆ ಬಿಂಗೆನ್‌ನ ಹಿಲ್ಡೆಗಾರ್ಡ್ 12ನೆಯ ಶತಮಾನದಲ್ಲಿ ಬರೆದ ‘ಫಿಸಿಕಾ’ ಗ್ರಂಥದಲ್ಲಿ ಈ ಗಿಡಕ್ಕೂ ಒಂದು ಅಧ್ಯಾಯವಿದೆ. 2012ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಧರ್ಮಸಭೆಯ ಪಂಡಿತೆ ಎಂದು ಘೋಷಿಸಿದ ಸಂತೆ ಇವರೇ. ಹಾಡು ಕಟ್ಟುತ್ತಿದ್ದರು, ದರ್ಶನಗಳನ್ನು ಬರೆಯುತ್ತಿದ್ದರು, ಯಾವ ಬೇರು ಯಾವ ನೋವಿಗೆ ಎಂಬ ಲೆಕ್ಕವನ್ನೂ ಇಡುತ್ತಿದ್ದರು.

ಇಂಗ್ಲೆಂಡಿಗೂ ವೇಲ್ಸ್‌ಗೂ ನಡುವಿನ ಕಡಲಗಾಲುವೆಯಲ್ಲಿ ಸ್ಟೀಪ್ ಹೋಮ್ ಎಂಬ ಸಣ್ಣ ಬಂಡೆದ್ವೀಪವಿದೆ. 1803ರಲ್ಲಿ ಅಲ್ಲಿ ಕಾಡುಪಿಯೋನಿ ಬೆಳೆದಿರುವುದನ್ನು ಕಂಡರು. ಬ್ರಿಟನ್ನಿನಲ್ಲಿ ಬೇರೆಲ್ಲೂ ಆ ಜಾತಿ ತಾನಾಗಿ ಬೆಳೆದದ್ದಿರಲಿಲ್ಲ. ದ್ವೀಪದಲ್ಲಿ ಹಿಂದೊಮ್ಮೆ ಅಗಸ್ಟೀನಿಯನ್ ಮಠವಿತ್ತು. ಅವರ ಮದ್ದಿನ ಪಾತಿಯದೇ ಉಳಿಕೆ ಇದು ಎಂದು ಬಹುಮಂದಿ ಒಪ್ಪುತ್ತಾರೆ. ಮಠವಾಸಿಗಳು ಹೋಗಿ ಶತಮಾನಗಳೇ ಕಳೆದರೂ ನೆಟ್ಟ ಗಿಡ ಉಪ್ಪುಗಾಳಿಯಲ್ಲಿ ಉಳಿದುಕೊಂಡಿತು.

ಮಠದಿಂದ ಅಡುಗೆಮನೆಗೂ ಇದು ಬಂದಿತ್ತು. ಕಾಳನ್ನು ಮಸಾಲೆಯಾಗಿ ಬಳಸುತ್ತಿದ್ದರು. 14ನೆಯ ಶತಮಾನದ ‘ಪಿಯರ್ಸ್ ಪ್ಲೌಮನ್’ ಎಂಬ ಇಂಗ್ಲಿಷ್ ಕಾವ್ಯದಲ್ಲಿ ಒಂದು ತಮಾಷೆಯ ಪ್ರಸಂಗವಿದೆ. ಹೊಟ್ಟೆಬಾಕನೊಬ್ಬ ಪಾಪನಿವೇದನೆಗೆಂದು ಚರ್ಚಿಗೆ ಹೊರಟಿರುತ್ತಾನೆ. ದಾರಿಯಲ್ಲಿ ಹೆಂಡದಂಗಡಿಯ ಹೆಂಗಸು ಕರೆದು ಬಿಸಿಮಸಾಲೆಗಳ ಆಸೆ ತೋರಿಸುತ್ತಾಳೆ: ಮೆಣಸು, ಬೆಳ್ಳುಳ್ಳಿ, ಪಿಯೋನಿ ಕಾಳು. ಪಾಪನಿವೇದನೆ ಅಲ್ಲಿಗೇ ನಿಂತಿತು. ನಮ್ಮ ಯುವಸಭೆಗೆ ಹೊರಟವರು ಪಾನಿಪುರಿ ಗಾಡಿಯ ಹತ್ತಿರ ತಡವಾದದ್ದು ನೆನಪಾದರೆ ಅದು ಕವಿಯ ತಪ್ಪಲ್ಲ.

ಮುಳ್ಳಿಲ್ಲದ ಈ ‘ಗುಲಾಬಿ’ಯನ್ನು ಕಲಾವಿದರು ಮಾತೆ ಮರಿಯಮ್ಮನವರಿಗೆ ಹೊಂದಿಸಿದರು. 1473ರಲ್ಲಿ ಕೊಲ್ಮಾರ್ ಪಟ್ಟಣದ ಮಾರ್ಟಿನ್ ಶೋನ್‌ಗಾವರ್ ‘ಗುಲಾಬಿ ಚಪ್ಪರದ ಮರಿಯಮ್ಮ’ ಎಂಬ ಚಿತ್ರ ಬರೆದ. ತಾಯಿ ಮಗುವಿನ ಪಕ್ಕದಲ್ಲಿ, ಗುಲಾಬಿಗಳ ನಡುವೆ, ಕೆಂಪು ಪಿಯೋನಿ ಇದೆ. ಆ ಚಿತ್ರಕ್ಕೆ ಮುನ್ನ ಅವನು ನಿಜವಾದ ಹೂಗಳನ್ನು ಎದುರಿಗಿಟ್ಟುಕೊಂಡು ಬಣ್ಣದಲ್ಲಿ ಅಭ್ಯಾಸ ಮಾಡಿದ ಕಾಗದವೂ ಉಳಿದಿದೆ. ಈಗ ಅಮೆರಿಕದ ಗೆಟ್ಟಿ ಸಂಗ್ರಹಾಲಯದಲ್ಲಿದೆ. ಮುಂದಿನಿಂದ ಒಂದು ಹೂ, ಹಿಂದಿನಿಂದ ಒಂದು, ಜೊತೆಗೊಂದು ಮೊಗ್ಗು. ಹಿಂಬದಿಯ ಹಸಿರು ಎಸಳುಗಳನ್ನೂ ಬಿಡದೆ ನೋಡಿದ್ದಾನೆ. ದೇವರಿಗೆ ಅರ್ಪಿಸುವ ಚಿತ್ರವೆಂದು ಕಣ್ಣಂದಾಜಿನಲ್ಲಿ ಮುಗಿಸಲಿಲ್ಲ.

ಇಷ್ಟೂ ಯುರೋಪಿನ ಪಿಯೋನಿಯ ಕಥೆ. ಇಂದು ಮನೆಯಂಗಳದಲ್ಲಿ ಹೆಚ್ಚಾಗಿ ಕಾಣುವುದು ಅದಲ್ಲ, ಪೂರ್ವದ್ದು. ಚೀನೀಯರು ಅದನ್ನು ‘ಶಾವ್‌ಯಾವ್’ ಎನ್ನುತ್ತಾರೆ. ಅವರ ಅತಿ ಪ್ರಾಚೀನ ಪದ್ಯಸಂಗ್ರಹ ‘ಶೀಜಿಂಗ್’ನಲ್ಲೇ ನದಿದಂಡೆಯಲ್ಲಿ ಸೇರಿದ ಹುಡುಗ ಹುಡುಗಿಯರು ಬೀಳ್ಕೊಳ್ಳುವಾಗ ಶಾವ್‌ಯಾವ್ ಕೊಡುವುದು ಬರುತ್ತದೆ. 11ನೆಯ ಶತಮಾನದ ಹೊತ್ತಿಗೆ ಯಾಂಗ್‌ಝೌ ನಗರದ ಶಾವ್‌ಯಾವ್ ಎಷ್ಟು ಹೆಸರಾಯಿತೆಂದರೆ, ಅದರ ತಳಿಗಳ ಮೇಲೆಯೇ ಪುಸ್ತಕ ಬರೆದರು. ಮರಪಿಯೋನಿ ಹೂಗಳ ರಾಜ, ಶಾವ್‌ಯಾವ್ ಹೂಗಳ ಮಂತ್ರಿ ಎಂಬ ಮಾತು ಅಲ್ಲಿದೆ. ಬೇರು ಅಲ್ಲಿಯೂ ಮದ್ದು. ರಷ್ಯಾ ಪರವಾಗಿ ಸೈಬೀರಿಯಾ ಸುತ್ತಿದ ಪೀಟರ್ ಸೈಮನ್ ಪಲ್ಲಾಸ್ 1776ರಲ್ಲಿ ಇದಕ್ಕೆ ‘ಲ್ಯಾಕ್ಟಿಫ್ಲೋರಾ’, ಹಾಲಿನಂಥ ಹೂವಿನದು ಎಂದು ಹೆಸರಿಟ್ಟ. 19ನೆಯ ಶತಮಾನದ ಮೊದಲಲ್ಲಿ ಚೀನಾದ ದುಂಡು ತಳಿಗಳು ಹಡಗೇರಿ ಯುರೋಪಿಗೆ ಬಂದವು. ಸುವಾಸನೆ, ಹಲವು ಬಣ್ಣ, ಒಂದೇ ಕಾಂಡದಲ್ಲಿ ಹಲವು ಮೊಗ್ಗು: ಯುರೋಪಿನ ಹಳೆಯ ಕೆಂಪು ಹೂವಿನಲ್ಲಿ ಇವೆಲ್ಲ ಇರಲಿಲ್ಲ.

ಫ್ರಾನ್ಸಿನ ತೋಟಗಾರರು ಹುಚ್ಚು ಹಿಡಿದವರಂತೆ ಬೀಜ ಬಿತ್ತಿದರು. 1851ರಲ್ಲಿ ಮಿಯೆಲ್ಲೆ ಎಂಬಾತ ‘ಫೆಸ್ತಿವಾ ಮಾಕ್ಸಿಮಾ’ ಕೊಟ್ಟ: ಬಿಳಿಯ ದುಂಡುಹೂ, ನಡುವೆ ರಕ್ತದ ಹನಿ ಚಿಮುಕಿಸಿದಂಥ ಕೆಂಪು. 1856ರಲ್ಲಿ ಕಾಲೋ ಎಂಬಾತ ‘ದುಶೆಸ್ ದ ನೆಮೂರ್’ ಕೊಟ್ಟ. ಕಾಲೋನ ಸಂಗ್ರಹ ಕ್ರೂಸ್‌ನ ಕೈಗೆ, ಕ್ರೂಸ್‌ನಿಂದ ನಾನ್ಸಿ ನಗರದ ಲೆಮ್ವಾನ್ ಮನೆತನದ ಕೈಗೆ ಹೋಯಿತು. ಲೆಮ್ವಾನರ 1906ರ ‘ಸಾರಾ ಬರ್ನ್‌ಹಾರ್ಟ್’ ಇಂದಿಗೂ ಹೂವಿನ ಮಾರುಕಟ್ಟೆಯಲ್ಲಿ ಧಾರಾಳವಾಗಿ ಮಾರಾಟವಾಗುತ್ತದೆ.

ಗಮನಿಸಬೇಕಾದ ಸಂಗತಿ ಇದು. ಬೀಜ ಹಾಕಿದರೆ ತಾಯಿಯಂಥ ಹೂ ಬರುವುದಿಲ್ಲ, ಬೇರೆಯೇ ಬರುತ್ತದೆ. ಅದೇ ಹೂ ಬೇಕೆಂದರೆ ಬೇರನ್ನೇ ಪಾಲು ಮಾಡಬೇಕು. ಆದ್ದರಿಂದ ಇಂದು ಯಾರದೋ ಅಂಗಳದಲ್ಲಿ ಅರಳಿದ ಫೆಸ್ತಿವಾ ಮಾಕ್ಸಿಮಾ 1851ರ ಆ ಗಿಡದ ವಂಶವಲ್ಲ, ಆ ಗಿಡದ್ದೇ ತುಂಡು. ಯಾರೋ ಅಗೆದು, ಕತ್ತರಿಸಿ, ನೆರೆಯವರಿಗೋ ಮಗಳಿಗೋ ಕೊಟ್ಟು, ಅವರೂ ಮುಂದಕ್ಕೆ ಕೊಟ್ಟು, ಒಂದು ಕೈಯೂ ತಪ್ಪದೆ ಇಲ್ಲಿಯವರೆಗೆ ಬಂದಿದೆ. ನಡುವೆ ಎಲ್ಲರೂ ಕೊಡುವುದನ್ನು ಬಿಟ್ಟಿದ್ದರೆ ಆ ತಳಿ ಮುಗಿಯುತ್ತಿತ್ತು. ಹಾಗೆ ಮುಗಿದುಹೋದ ತಳಿಗಳೂ ಇವೆ.

ಲೆಮ್ವಾನರಿಗೆ ಇನ್ನೊಂದು ಆಸೆಯಿತ್ತು: ಹಳದಿ. ಮನೆಯಂಗಳದ ಪಿಯೋನಿಯಲ್ಲಿ ಬಿಳಿ, ಗುಲಾಬಿ, ಕೆಂಪು ಉಂಟು. ಗಟ್ಟಿ ಹಳದಿ ಇರಲಿಲ್ಲ. ಆ ಹಳದಿ ಬಂದದ್ದು ಒಬ್ಬ ಗುರುಗಳ ಜೋಳಿಗೆಯಿಂದ. ಫಾದರ್ ಜ್ಯಾನ್ ಮಾರಿ ದೆಲವೆ ಪ್ಯಾರಿಸ್ ಫಾರಿನ್ ಮಿಷನ್ಸ್ ಸಂಘದವರು. ಎಂ.ಇ.ಪಿ. ಎಂದರೆ ನಮ್ಮ ಹಿರಿಯರಿಗೆ ತಕ್ಷಣ ತಿಳಿಯುತ್ತದೆ: 1850ರಲ್ಲಿ ಮೈಸೂರು ಮಿಷನ್ನಿಗೆ ಮೊದಲ ಪ್ರೇಷಿತ ಪ್ರತಿನಿಧಿಯಾದ ಶಾರ್ಬೊನೊ ಅವರನ್ನು ಕೊಟ್ಟ ಸಂಘವೇ ಅದು. ಅದೇ ಸಂಘದ ದೆಲವೆ ಚೀನಾದ ಯುನ್ನಾನ್ ಬೆಟ್ಟಗಳಲ್ಲಿ ಸೇವೆಗಿದ್ದರು. ಇನ್ನೊಬ್ಬ ಗುರು, ಪ್ರಾಣಿ ಸಸ್ಯಗಳ ಶೋಧಕ ಆರ್ಮಾನ್ ದಾವೀದ್ ಅವರ ಮಾತಿನಿಂದ ಪ್ಯಾರಿಸ್ಸಿನ ಸಂಗ್ರಹಾಲಯಕ್ಕೆ ಸಸ್ಯಗಳನ್ನು ಕಳುಹಿಸತೊಡಗಿದರು. ಕೂಲಿ ಇಟ್ಟುಕೊಳ್ಳದೆ ಹೆಚ್ಚಿನದನ್ನು ತಾವೇ ಹತ್ತಿ ಇಳಿದು ಕೂಡಿಸಿದರು. 2,00,000ಕ್ಕೂ ಮೇಲ್ಪಟ್ಟು ಒಣಗಿಸಿದ ಮಾದರಿಗಳು, ಸುಮಾರು 4,000 ಜಾತಿಗಳು. 1888ರಲ್ಲಿ ಪ್ಲೇಗ್ ತಗುಲಿತು. ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ, ಆದರೂ ಕೂಡಿಸುವುದನ್ನು ಬಿಡಲಿಲ್ಲ. 1895ರ ಕೊನೆಯಲ್ಲಿ ಯುನ್ನಾನ್‌ನಲ್ಲೇ ತೀರಿಕೊಂಡರು. ಅವರು ಕಳುಹಿಸಿದ್ದರಲ್ಲಿ ಒಂದು ಹಳದಿ ಹೂವಿನ ಮರಪಿಯೋನಿ. 1886ರಲ್ಲಿ ಅದಕ್ಕೆ ಹೆಸರಾಯಿತು.

ಲೆಮ್ವಾನರು ಆ ಹಳದಿಯನ್ನು ಬೇರೆ ಮರಪಿಯೋನಿಗಳೊಂದಿಗೆ ಕೂಡಿಸಿ ಹೊಸ ತಳಿಗಳನ್ನು ಮಾಡಿದರು. ಅದರಲ್ಲಿ ಒಂದಕ್ಕೆ ‘ಆಲಿಸ್ ಹಾರ್ಡಿಂಗ್’ ಎಂದು ಹೆಸರು. ಈ ಹೆಂಗಸು ಅಮೆರಿಕದ ನ್ಯೂಜೆರ್ಸಿಯವರು. 1917ರಲ್ಲಿ ಪಿಯೋನಿಯ ಮೇಲೆ ದೊಡ್ಡ ಪುಸ್ತಕ, 1923ರಲ್ಲಿ ಸಣ್ಣ ಕೈತೋಟದವರಿಗೆಂದೇ ಇನ್ನೊಂದು ಪುಸ್ತಕ ಬರೆದವರು. ಆದರೂ ಹಳದಿ ಮರದ ಜಾತಿಯಲ್ಲೇ ಉಳಿಯಿತು, ಮೆತ್ತನೆಯ ಕಾಂಡಕ್ಕೆ ಇಳಿಯಲಿಲ್ಲ. ಎರಡನ್ನೂ ಕೂಡಿಸಲಾಗದು ಎಂದು ತಿಳಿದವರೇ ಹೇಳುತ್ತಿದ್ದರು. ಟೋಕಿಯೋದ ತೋಯಿಚಿ ಇತೋ ಎಂಬ ತೋಟಗಾರ ಬಿಡಲಿಲ್ಲ. 1948ರಲ್ಲಿ, ಯುದ್ಧದಲ್ಲಿ ಸುಟ್ಟ ಊರಿನಲ್ಲಿ, ಆಲಿಸ್ ಹಾರ್ಡಿಂಗ್‌ನ ಪರಾಗವನ್ನು ‘ಕಕೋಡೆನ್’ ಎಂಬ ಬಿಳಿಯ ಮನೆಪಿಯೋನಿಗೆ ಹಚ್ಚಿದ. ಕಾಳು ಕಟ್ಟಿತು, ಸಸಿ ಎದ್ದಿತು. 1956ರಲ್ಲಿ ಇತೋ ತೀರಿಕೊಂಡ. ಸಸಿಗಳು ಹೂ ಬಿಟ್ಟದ್ದು 1960ರ ದಶಕದಲ್ಲಿ. ಉಳಿದವರು ಅಷ್ಟು ವರ್ಷ ನೀರು ಹಾಕಿ ಕಾಯ್ದಿದ್ದರು. ಹಳದಿ ಅರಳಿತು, ಕಾಂಡ ಚಳಿಗೆ ಮನೆಪಿಯೋನಿಯಂತೆಯೇ ಒಣಗಿ ಬಿತ್ತು. ನ್ಯೂಯಾರ್ಕಿನ ಲೂಯಿ ಸ್ಮಿರ್ನೋ ಅವುಗಳನ್ನು ತರಿಸಿ 1974ರಲ್ಲಿ ನೋಂದಾಯಿಸಿದ. ಈ ಬಗೆಗೆ ಇಂದು ಇತೋ ಪಿಯೋನಿ ಎಂದೇ ಹೆಸರು. ದೆಲವೆಯವರು ಮನೆಪಿಯೋನಿಯ ಹಳದಿಯನ್ನು ನೋಡಲಿಲ್ಲ, ಇತೋ ತನ್ನ ಹೂವನ್ನು ನೋಡಲಿಲ್ಲ.

ಅಮೆರಿಕದಲ್ಲಿ ಪಿಯೋನಿಗೆ ಇನ್ನೊಂದು ಪಾಲು ಸಿಕ್ಕಿತು. ಅಲ್ಲಿಗೆ ವಲಸೆ ಬಂದವರು ಬೇರಿನ ತುಂಡುಗಳನ್ನೂ ತಂದಿದ್ದರು; ಥಾಮಸ್ ಜೆಫರ್ಸನ್ 1771ರಲ್ಲೇ ತನ್ನ ತೋಟದ ಪಟ್ಟಿಯಲ್ಲಿ ಇದನ್ನು ಬರೆದಿದ್ದಾನೆ. ಅಂತರ್ಯುದ್ಧ ಮುಗಿದ ಮೇಲೆ, 1868ರ ಮೇ 30ರಂದು, ಸತ್ತ ಸೈನಿಕರ ಸಮಾಧಿಗಳಿಗೆ ಹೂ ಇಡಬೇಕೆಂದು ಜನರಲ್ ಲೋಗನ್ ಆಜ್ಞೆ ಹೊರಡಿಸಿದ. ಹೂವಿನಂಗಡಿ ಇಲ್ಲದ ಹಳ್ಳಿಗಳಲ್ಲಿ ಆ ವಾರ ಅಂಗಳದಲ್ಲಿ ಧಾರಾಳವಾಗಿ ಇರುತ್ತಿದ್ದುದು ಪಿಯೋನಿ. ಬಕೆಟ್ಟಿನಲ್ಲಿ ಕೊಯ್ದು ಸಮಾಧಿಗೆ ಒಯ್ದರು. ಕೆಲವರು ಬೇರನ್ನೇ ಸಮಾಧಿಯ ಪಕ್ಕ ನೆಟ್ಟರು. ನವೆಂಬರ್ 2ರಂದು ಸೇವಂತಿಗೆ ಹಿಡಿದು ಸಮಾಧಿಭೂಮಿಗೆ ಹೋಗುವ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಕೈಯಿಂದ ಕೈಗೆ ಹೋದದ್ದರಲ್ಲಿ ಹೆಸರು ಕಳೆದುಹೋಗುವುದೂ ಸಹಜ. ‘ಅಮ್ಮನ ಬಿಳಿಹೂ’ ಎಂದು ಕೊಟ್ಟರು, ‘ಅತ್ತೆ ಕೊಟ್ಟ ಕೆಂಪು’ ಎಂದು ನೆಟ್ಟರು. ನರ್ಸರಿಯವರೂ ಒಂದೇ ಗಿಡವನ್ನು ಐದಾರು ಹೆಸರಿನಲ್ಲಿ ಮಾರಿದರು. 1903ರಲ್ಲಿ ಹುಟ್ಟಿದ ಅಮೆರಿಕನ್ ಪಿಯೋನಿ ಸೊಸೈಟಿಯ ಮೊದಲ ದೊಡ್ಡ ಕೆಲಸವೇ ಈ ಗೋಜಲು ಬಿಡಿಸುವುದು. ಬೇರೆಬೇರೆ ಕಡೆಯ ಗಿಡಗಳನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಹೊಲದಲ್ಲಿ ಒಟ್ಟಿಗೆ ನೆಟ್ಟು, ಹೂವಿಗೆ ಹೂ ಹೋಲಿಸಿ ನೋಡಿದರು. ಕಾಯ್ಟ್ ಎಂಬಾತ 1907ರಲ್ಲಿ ಹೆಸರುಗಳ ಪಟ್ಟಿ ಅಚ್ಚು ಹಾಕಿಸಿದ. ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ಒಬ್ಬರ ಹೆಸರನ್ನೇ ಮೂರು ಭಾಷೆಯವರು ಮೂರು ಬಗೆಯಲ್ಲಿ ಬರೆದಿರುವುದನ್ನು ಕಂಡ ಗಡಿನಾಡಿನ ನಮಗೆ ಆ ಹೊಲದ ಕಷ್ಟ ಅರ್ಥವಾಗುತ್ತದೆ. ಮಿಷಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ 1922ರಲ್ಲಿ ನೆಟ್ಟ ಪಿಯೋನಿ ತೋಟ ಇಂದಿಗೂ ಪ್ರತಿ ಜೂನ್‌ನಲ್ಲಿ ಅರಳುತ್ತದೆ. ಹಳೆಯ ತಳಿಗಳು ಹೆಸರಿನ ಸಮೇತ ಅಲ್ಲಿ ಉಳಿದಿವೆ.

ಪಾಲು ಮಾಡುವ ಕ್ರಮ ಹೀಗೆ. ಎಲೆ ಒಣಗತೊಡಗಿದ ಮೇಲೆ, ಚಳಿ ಪೂರ್ತಿ ಇಳಿಯುವ ಮೊದಲು, ಗಡ್ಡೆ ಅಗೆದು ಮಣ್ಣು ತೊಳೆಯುತ್ತಾರೆ. ಮೂರರಿಂದ ಐದು ಕಣ್ಣು ಇರುವಂತೆ ಚಾಕುವಿನಿಂದ ಕತ್ತರಿಸುತ್ತಾರೆ. ಆರು ತಾಸಾದರೂ ಬಿಸಿಲು ಬೀಳುವ, ನೀರು ನಿಲ್ಲದ ಕಡೆ ನೆಡುತ್ತಾರೆ. ಕಣ್ಣಿನ ಮೇಲೆ ಮಣ್ಣು 5 ಸೆಂಟಿಮೀಟರಿಗಿಂತ ಹೆಚ್ಚಿರಬಾರದು. ಆಳಕ್ಕೆ ನೆಟ್ಟರೆ ಎಲೆ ಸೊಂಪಾಗಿ ಬರುತ್ತದೆ, ಹೂ ಬರುವುದಿಲ್ಲ. ಹೂ ಬಿಡದ ಪಿಯೋನಿಗೆ ಬಹುಪಾಲು ಇದೇ ಕಾರಣ. ಮೊದಲ ಎರಡು ಮೂರು ವರ್ಷ ಹೂವಿನ ಮಾತೇ ಎತ್ತಬಾರದು. ಮೊಗ್ಗಿನ ಮೇಲೆ ಇರುವೆ ಹರಿದಾಡುತ್ತವೆ. ಇರುವೆ ಬಾರದೆ ಮೊಗ್ಗು ಬಿಚ್ಚದು ಎಂದು ಅಲ್ಲಿನ ಅಜ್ಜಿಯರು ಹೇಳುತ್ತಿದ್ದರು. ಅವು ಬರುವುದು ಮೊಗ್ಗು ಒಸರುವ ಸಿಹಿಗಾಗಿ ಅಷ್ಟೆ, ಬಾರದಿದ್ದರೂ ಹೂ ಬಿಚ್ಚುತ್ತದೆ.

ನಮ್ಮ ಅಂಗಳದಲ್ಲಿ ಬೆಳೆಯಬಹುದೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಹೊಸೂರು, ತಾಳವಾಡಿ, ಅದೋನಿ, ಸೊಲ್ಲಾಪುರಗಳಲ್ಲಿ ಆಗದು. ಗಿಡದ ಕಣ್ಣು ತೆರೆಯಬೇಕಾದರೆ ವಾರಗಟ್ಟಲೆ ಫ್ರಿಜ್ಜಿನಂಥ ಚಳಿ ಬೇಕು. ನೀಲಗಿರಿಯಲ್ಲಿ ರಾತ್ರಿ ಹಿಮ ಬಿದ್ದರೂ ಹಗಲು ಬಿಸಿಲೇರಿ ನೆಲ ಮತ್ತೆ ಬೆಚ್ಚಗಾಗುತ್ತದೆ. ಇಂಟರ್ನೆಟ್ಟಿನಲ್ಲಿ ಯಾವ ಹವೆಗೂ ಬರುವ ಪಿಯೋನಿ ಬೀಜ ಎಂದು ಮಾರುವವರಿಗೆ ದುಡ್ಡು ಕಳುಹಿಸಬೇಡಿ. ಬೀಜವಂತೂ ತಂಪುದೇಶದಲ್ಲೇ ಮೊದಲ ಚಳಿಗಾಲಕ್ಕೆ ಬೇರು, ಎರಡನೆಯದಕ್ಕೆ ಚಿಗುರು ಎಂದು ಸಾವಕಾಶ ಮಾಡುತ್ತದೆ.

ಆದರೆ ಭಾರತದ್ದೇ ಒಂದು ಪಿಯೋನಿ ಇದೆ. ಕಾಶ್ಮೀರದಿಂದ ಹಿಮಾಚಲ, ಉತ್ತರಾಖಂಡದವರೆಗೆ ಹಿಮಾಲಯದ ಕಾಡಂಚಿನಲ್ಲಿ ಬೆಳೆಯುತ್ತದೆ. ಬಿಳಿಯ ಒಂಟಿಸುತ್ತಿನ ದಳ, ನಡುವೆ ಹಳದಿ ಕೇಸರಗಳ ಗೊಂಚಲು. ಸಸ್ಯಶಾಸ್ತ್ರದಲ್ಲಿ ‘ಇಮೋಡಿ’, ಗ್ರೀಕರು ಹಿಮಾಲಯಕ್ಕೆ ಇಟ್ಟ ಹಳೆಯ ಹೆಸರೇ ಅದು. ಕಾಶ್ಮೀರಿಗಳು ‘ಮಾಮೇಖ್’ ಎನ್ನುತ್ತಾರೆ. ಬೆಟ್ಟದ ಜನ ಎಳೆ ಚಿಗುರನ್ನು ಪಲ್ಯ ಮಾಡುತ್ತಾರೆ. ಇದರ ಬೇರೂ ಊದ್ ಸಲೀಬ್ ಎಂದು ಮಾರಾಟವಾಗುತ್ತದೆ; ಅದಕ್ಕಾಗಿ ಅಗೆದು ಅಗೆದು ಹಲವು ಕಡೆ ಗಿಡ ವಿರಳವಾಗಿದೆ. ಏಪ್ರಿಲ್ ಮೇ ರಜೆಯಲ್ಲಿ ಆ ಕಡೆ ಚಾರಣಕ್ಕೆ ಹೋಗುವ ನಮ್ಮ ಹುಡುಗರು ಹುಡುಗಿಯರು ಓಕ್ ಮರಗಳ ಅಂಚಿನಲ್ಲಿ ಕಣ್ಣಾಡಿಸಿ. ಕಂಡರೆ ಫೋಟೋ ತೆಗೆದು ತನ್ನಿ, ಬೇರು ಅಲ್ಲೇ ಇರಲಿ.